ಕ್ಲಚ್ ಇಲ್ಲದ ಕಾರ್ಟು, ನಿಂತು ಹೊರಡದ ಓಟ

ಆ ಕಾರ್ಟನ್ನು, ಅಂದರೆ ನಾಲ್ಕು ಚಕ್ರದ ಪುಟ್ಟ ತೆರೆದ ರೇಸಿಂಗ್ ಗಾಡಿಯನ್ನು, ನಾನು ಮೊದಲು ಕಂಡದ್ದು ಪುಣೆಯ ಔಂಧಿನ ಹಳೆಯ ಬಂಗಲೆಯೊಂದರ ತಾರಸಿಯಲ್ಲಿ, ನೀರಿನ ಟಾಕಿಯ ಪಕ್ಕದ ತಗಡಿನ ಶೆಡ್ಡಿನೊಳಗೆ. ಮನೆಯ ಯಜಮಾನರು ಮೂಲತಃ ಕುಂದಾಪುರದ ಕಡೆಯವರು. ಕೊಲ್ಲಿ ದೇಶದಲ್ಲಿ ಇಪ್ಪತ್ತು ವರ್ಷ ದುಡಿದು 1980ರ ದಶಕದ ಕೊನೆಯಲ್ಲಿ ಪುಣೆಗೆ ಬಂದು ನೆಲೆಸುವಾಗ, ಹಡಗಿನಲ್ಲಿ ಬಂದ ಮನೆಸಾಮಾನಿನ ಜೊತೆಗೆ ಮಗನ ಆಸೆಗೆಂದು ಅದನ್ನೂ ತರಿಸಿದ್ದರು. ಮಗ ಓದಲು ಹೊರದೇಶಕ್ಕೆ ಹೋದ ಮೇಲೆ ಅದಕ್ಕೆ ಮುಸುಕು ಹಾಕಿದವರು ಮತ್ತೆ ತೆಗೆದಿರಲಿಲ್ಲ. ರಾಜ್ಯೋತ್ಸವದ ಕಾರ್ಯಕ್ರಮವೊಂದರಲ್ಲಿ ಊಟದ ಸಾಲಿನಲ್ಲಿ ನಿಂತಿದ್ದಾಗ ನಾನು ಭೋಸರಿಯ ಟೂಲ್‌ರೂಮೊಂದರಲ್ಲಿ (ಕಾರ್ಖಾನೆಗಳಿಗೆ ಅಚ್ಚು, ಉಪಕರಣ ಮಾಡುವಲ್ಲಿ) ಕೆಲಸ ಮಾಡುತ್ತೇನೆಂದೂ ರಜೆಯ ದಿನಗಳಲ್ಲಿ ಬಾಡಿಗೆ ಕಾರ್ಟುಗಳ ಓಟಕ್ಕೆ ಹೋಗುತ್ತೇನೆಂದೂ ತಿಳಿದು, ಅವರೇ ನನ್ನನ್ನು ಮನೆಗೆ ಕರೆದರು. ಮುಸುಕು ತೆಗೆದಾಗ ಮೊದಲು ಬಂದದ್ದು ವಾಸನೆ: ನನ್ನ ಅಜ್ಜಿ ಬೈಲಹೊಂಗಲದ ಮನೆಯಲ್ಲಿ ತಲೆಗೆ ತಟ್ಟುತ್ತಿದ್ದ ಹರಳೆಣ್ಣೆಯ ವಾಸನೆ, ಅದರೊಡನೆ ಸುಟ್ಟ ಲೋಹದ ಘಾಟು.

ಎಂಜಿನ್ನನ್ನು ಗುರುತಿಸುವುದು ಕಷ್ಟವಾಗಲಿಲ್ಲ. ಅದು ಯಮಹಾ ಕೆಟಿ100, ಗಾಳಿಯಿಂದ ತಣಿಯುವ ಟು-ಸ್ಟ್ರೋಕ್. 52 ಮಿಲಿಮೀಟರ್ ಬೋರ್ (ಸಿಲಿಂಡರಿನ ಒಳವ್ಯಾಸ), 46 ಮಿಲಿಮೀಟರ್ ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ), ಲೆಕ್ಕ ಹಾಕಿದರೆ 97.7 ಸಿಸಿ. ಕಾರ್ಟಿಂಗ್‌ಗೆಂದೇ 1970ರ ದಶಕದಲ್ಲಿ ಬಂದ ಈ ಎಂಜಿನ್ ಹಲವು ದೇಶಗಳಲ್ಲಿ ಸಾವಿರಾರು ಜನರ ಮೊದಲ ರೇಸಿಂಗ್ ಎಂಜಿನ್ ಆಗಿತ್ತು. ನೋಡಿದವರೆಲ್ಲ ಅದನ್ನು ಯಮಹಾದ ಆರ್‌ಎಕ್ಸ್100 ಬೈಕಿನ ಎಂಜಿನ್ ಎಂದೇ ಕರೆದರು, ಆದರೆ ಎರಡಕ್ಕೂ ಹೆಸರಿನ ಹೋಲಿಕೆಗಿಂತ ಹೆಚ್ಚಿನ ನಂಟಿಲ್ಲ. ಆರ್‌ಎಕ್ಸ್100ರ ಬೋರ್ 50 ಮಿಲಿಮೀಟರ್, ಅದರಲ್ಲಿ ಒಳಹೋದ ಮಿಶ್ರಣ ಹಿಂದಕ್ಕೆ ಬಾರದಂತೆ ತಡೆಯುವ ರೀಡ್ ವಾಲ್ವ್ ಇದೆ. ಕೆಟಿ100ರಲ್ಲಿ ವಾಲ್ವ್ ಎಂಬುದೇ ಇಲ್ಲ, ಪಿಸ್ಟನ್ನಿನ ಅಂಚೇ ಇಂಧನದ ಬಾಗಿಲನ್ನು ತೆರೆದು ಮುಚ್ಚುತ್ತದೆ.

ಚಾಸಿಯ ಮೇಲೆ ತಯಾರಕರ ಫಲಕ ಇರಲಿಲ್ಲವಾದ್ದರಿಂದ ಅದರ ಕಾಲವನ್ನು ಅಂಗಾಂಗಗಳಿಂದಲೇ ಊಹಿಸಬೇಕಾಯಿತು. ಹಿಂದಿನ ಆಕ್ಸಲ್ 25 ಮಿಲಿಮೀಟರಿನ ಗಟ್ಟಿ ಸರಳು. ಈಗಿನ ರೇಸಿಂಗ್ ಕಾರ್ಟುಗಳಲ್ಲಿ 50 ಮಿಲಿಮೀಟರಿನ ಟೊಳ್ಳು ಕೊಳವೆ ಇರುತ್ತದೆ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಈಗ ಕಡ್ಡಾಯವಾಗಿರುವ ಪ್ಲಾಸ್ಟಿಕ್ ಪಕ್ಕೆಗಳು ಇರಲಿಲ್ಲ, ಅವನ್ನು ಕೂರಿಸುವ ಕೊಳವೆಗಳೂ ಇರಲಿಲ್ಲ. ಆ ಪಕ್ಕೆಗಳು ಬರುವ ಮೊದಲು ಒಂದು ಕಾರ್ಟಿನ ಮುಂದಿನ ಚಕ್ರ ಮತ್ತೊಂದರ ಹಿಂದಿನ ಚಕ್ರಕ್ಕೆ ಸಿಕ್ಕಿಬಿದ್ದು ಹತ್ತಿ ಹಾರುವುದು ಈ ಕ್ರೀಡೆಯ ಅತಿ ದೊಡ್ಡ ಅಪಾಯವಾಗಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಎಂಜಿನ್ನಿನ ದಂಡದ ಮೇಲೆ ಕ್ಲಚ್ ಇರಲಿಲ್ಲ. ಹತ್ತು ಹಲ್ಲಿನ ಸ್ಪ್ರಾಕೆಟ್ (ಚೈನು ಕೂರುವ ಹಲ್ಲುಚಕ್ರ) ನೇರವಾಗಿ ಕ್ರ್ಯಾಂಕಿಗೇ, ಅಂದರೆ ಆ ದಂಡಕ್ಕೇ, ಕೂತಿತ್ತು. ಎಂಜಿನ್ ತಿರುಗಿದರೆ ಚಕ್ರ ತಿರುಗಬೇಕು, ಚಕ್ರ ನಿಂತರೆ ಎಂಜಿನ್ ನಿಲ್ಲಬೇಕು. ಈ ಒಂದು ಸಂಗತಿ ಮುಂದೆ ನನಗೆ ಕಾರ್ಟ್ ಓಟದ ನಿಯಮಗಳನ್ನು ಹೊಸದಾಗಿ ಓದಿಸಿತು.

ಹಿರಿಯರು ಹಣ ಕೇಳಲಿಲ್ಲ. ಓಡಿದ ದಿನ ಕರೆಯಬೇಕೆಂದಷ್ಟೇ ಹೇಳಿದರು. ನಾನು ಮತ್ತು ನಮ್ಮ ಟೂಲ್‌ರೂಮಿನ ಲೇತ್ ಮೇಲೆ ಕೆಲಸ ಮಾಡುವ ವಿಜಯಪುರದ ಗೆಳೆಯ ಒಂದು ಟೆಂಪೋದಲ್ಲಿ ಅದನ್ನು ಭೋಸರಿಗೆ ತಂದೆವು.

ಎಂಜಿನ್ ಬಿಗಿದು ಹೋಗಿತ್ತು. ತುಕ್ಕಿಗಿಂತ ಹೆಚ್ಚಾಗಿ ಹರಳೆಣ್ಣೆಯೇ ಅದಕ್ಕೆ ಕಾರಣ. ಹಳೆಯ ರೇಸಿಂಗ್ ಟು-ಸ್ಟ್ರೋಕ್‌ಗಳಲ್ಲಿ ಪೆಟ್ರೋಲಿಗೆ ಹರಳೆಣ್ಣೆ ಆಧಾರಿತ ಆಯಿಲ್ ಬೆರೆಸುತ್ತಿದ್ದರು. ಕ್ಯಾಸ್ಟ್ರಾಲ್ ಎಂಬ ಹೆಸರೇ ಹರಳೆಣ್ಣೆಯ ಇಂಗ್ಲಿಷ್ ಹೆಸರಿನಿಂದ ಬಂದದ್ದು. ಸುಡುವ ಲೋಹದ ಮೇಲೂ ಅದರ ಪದರ ಹರಿಯದೆ ನಿಲ್ಲುವುದರಿಂದ ಮಿಶ್ರಣದಲ್ಲಿ ಪೆಟ್ರೋಲ್ ತುಸು ಕಡಿಮೆಯಾದರೂ ಪಿಸ್ಟನ್ ಉಳಿಯುತ್ತದೆ. ಆದರೆ ಓಡಿಸದೆ ಇಟ್ಟರೆ ಅದೇ ಎಣ್ಣೆ ಗಟ್ಟಿಯಾಗಿ ವಾರ್ನಿಷಿನಂತೆ ಅಂಟಿಕೊಳ್ಳುತ್ತದೆ. ಬೇರೆ ಎಣ್ಣೆಗಳಂತಲ್ಲದೆ ಹರಳೆಣ್ಣೆ ಮದ್ಯಸಾರದಲ್ಲಿ ಕರಗುತ್ತದೆಂಬುದನ್ನು ನೆನೆದು ಸ್ಪಾರ್ಕ್ ಪ್ಲಗ್ಗಿನ ತೂತಿನಿಂದ ಸ್ಪಿರಿಟ್ ಸುರಿದು, ಸಿಲಿಂಡರಿಗೆ ಬಿಸಿಗಾಳಿ ಹಿಡಿದು, ದಿನಕ್ಕೊಮ್ಮೆ ಸ್ಪ್ರಾಕೆಟ್ಟನ್ನು ಮೆಲ್ಲಗೆ ಆಡಿಸಿ ನೋಡುತ್ತಿದ್ದೆವು. ಹನ್ನೊಂದನೆಯ ದಿನ ಅದು ಕೂದಲೆಳೆಯಷ್ಟು ಕದಲಿತು. ಸುತ್ತಿಗೆ ಹಿಡಿಯುವ ಆಸೆಯನ್ನು ಹತ್ತು ದಿನ ತಡೆದುಕೊಂಡದ್ದಕ್ಕೆ ಸಿಲಿಂಡರಿನ ಬೀಡುಕಬ್ಬಿಣದ ತೋಳು ಗೀರಿಲ್ಲದೆ ಕೈಗೆ ಬಂತು. ಅದನ್ನು ತುಸು ಕೊರೆದು, ಒಳಮೈಯನ್ನು ಉಜ್ಜಿ ನಯಮಾಡಿ (ಹೋನ್ ಮಾಡಿ), ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸಿನ ಸಡಿಲು ಬಿಟ್ಟು ಹೊಸ ಪಿಸ್ಟನ್ ಕೂರಿಸಿದೆವು.

ಕ್ರ್ಯಾಂಕಿನದು ಬೇರೆಯೇ ಕಥೆ. ಈ ಕ್ರ್ಯಾಂಕು ಒಂದೇ ತುಂಡಲ್ಲ. ಎರಡು ತಟ್ಟೆಗಳ ನಡುವೆ ಪಿನ್ನನ್ನು ಪ್ರೆಸ್ಸಿನಲ್ಲಿ ಒತ್ತಿ ಸೇರಿಸಿದ್ದು. ಕನೆಕ್ಟಿಂಗ್ ರಾಡಿನ ಬೇರಿಂಗ್ ಬದಲಿಸಬೇಕಾದರೆ ಅದನ್ನು ಬಿಚ್ಚಿ ಮತ್ತೆ ಒತ್ತಬೇಕು. ಯೆಜ್ಡಿ, ಆರ್‌ಎಕ್ಸ್100 ಮುಂತಾದ ಹಳೆಯ ಗಾಡಿಗಳ ಕ್ರ್ಯಾಂಕು ಕಟ್ಟುವವರು ಪುಣೆಯಲ್ಲಿ ಈಗಲೂ ಇದ್ದಾರೆ. ಮೈಸೂರಿನಲ್ಲಿ ಹುಟ್ಟಿದ ಯೆಜ್ಡಿ ಇಂದಿಗೂ ಈ ಊರಿನ ಕೈಗಳಿಗೆ ಕೆಲಸ ಕೊಡುತ್ತಿರುವುದನ್ನು ಕಂಡಾಗ ನನಗೆ ಹೆಮ್ಮೆಯೆನಿಸಿತು. ಮೊದಲು ಕೊಟ್ಟ ಅಂಗಡಿಯವರು ಮರುದಿನವೇ ಮುಗಿಸಿ ಕೊಟ್ಟರು. ತಂದು ವಿ-ಬ್ಲಾಕ್‌ಗಳ ಮೇಲಿಟ್ಟು ಡಯಲ್ ಗೇಜ್ ಹಚ್ಚಿದರೆ ತಿರುಗುವಾಗ ಒಂದು ತುದಿಯಲ್ಲಿ 0.08 ಮಿಲಿಮೀಟರ್ ಓಲಾಟ. ನಿಮಿಷಕ್ಕೆ ಆರೇಳು ಸಾವಿರ ಸುತ್ತುವ ಬೈಕಿಗೆ ಅದು ನಡೆದೀತೇನೋ. ಹದಿಮೂರು, ಹದಿನಾಲ್ಕು ಸಾವಿರ ಸುತ್ತುವ ಎಂಜಿನ್ನಿಗೆ ಅದು ಬೇರಿಂಗ್ ನುಂಗುವ ಅಳತೆ. ಕೊನೆಗೆ ನಮ್ಮ ಟೂಲ್‌ರೂಮಿನಲ್ಲೇ ಕೂತೆವು. ಎಲ್ಲಿ ಎತ್ತರ ಕಾಣುತ್ತದೋ ಅಲ್ಲಿ ಗುರುತು ಹಾಕಿ, ತಾಮ್ರದ ಸುತ್ತಿಗೆಯಿಂದ ತಟ್ಟೆಯ ಅಂಚಿಗೆ ಒಂದೇ ಏಟು ಹೊಡೆದು, ಮತ್ತೆ ಅಳೆದು, ಮತ್ತೆ ಹೊಡೆದು, ಎರಡು ಸಂಜೆ ಕಳೆದ ಮೇಲೆ ಎರಡೂ ತುದಿಗಳಲ್ಲಿ 0.02ರ ಒಳಗೆ ಬಂತು. ಗೆಳೆಯನ ಕೈಗೆ ಆ ಏಟಿನ ತೂಕ ಗೊತ್ತು, ನನ್ನ ಕೈಗೆ ಗೊತ್ತಿಲ್ಲ. ನಾನು ಗೇಜ್ ಓದಿದೆ, ಅವನು ಹೊಡೆದ.

ಕಾರ್ಬ್ಯುರೇಟರಿನ ಬಗ್ಗೆ ಹೆಚ್ಚು ಬರೆಯಬೇಕಿಲ್ಲ. ಅದು ತೇಲುಗುಂಡಿಲ್ಲದ, ವಾಲ್‌ಬ್ರೊ ಕಂಪನಿಯ ಡಯಾಫ್ರಮ್ (ರಬ್ಬರ್ ಪೊರೆಯ) ಜಾತಿಯದು. ಕ್ರ್ಯಾಂಕ್ ಪೆಟ್ಟಿಗೆಯ ಒತ್ತಡದ ಮಿಡಿತವೇ ಅದಕ್ಕೆ ಪಂಪು. ಹಳೆಯ ರಬ್ಬರಿನ ಪೊರೆಗಳು ಹಪ್ಪಳದಂತೆ ಮುರಿದವು. ಹೊಸವನ್ನು ಹಾಕಿದೆವು. ಎಥೆನಾಲ್ ಬೆರೆತ ಈಗಿನ ಪೆಟ್ರೋಲ್ ಗಾಳಿಯ ತೇವವನ್ನು ಹೀರಿಕೊಂಡು ಈ ಪೊರೆಗಳನ್ನು ಬೇಗ ಕೆಡಿಸುವುದರಿಂದ, ಪ್ರತಿ ಓಟದ ನಂತರ ಟ್ಯಾಂಕನ್ನೂ ನಳಿಗೆಯನ್ನೂ ಬರಿದು ಮಾಡುವ ಅಭ್ಯಾಸವನ್ನು ಮೊದಲ ದಿನದಿಂದಲೇ ಇಟ್ಟುಕೊಂಡೆ.

ಚಾಸಿಯ ಮೇಲೆ ನಾನು ಕಳೆದ ಸಮಯ ಎಂಜಿನ್ನಿನ ಮೇಲೆ ಕಳೆದುದಕ್ಕಿಂತ ಹೆಚ್ಚು. ಕಾರ್ಟಿಗೆ ಸಸ್ಪೆನ್ಷನ್ ಇಲ್ಲ, ಡಿಫರೆನ್ಷಿಯಲ್ ಕೂಡ ಇಲ್ಲ. ಹಿಂದಿನ ಎರಡೂ ಚಕ್ರಗಳು ಒಂದೇ ಸರಳಿಗೆ ಬಿಗಿದಿರುವುದರಿಂದ ತಿರುವಿನಲ್ಲಿ ಒಳಗಿನ ಚಕ್ರವೂ ಹೊರಗಿನ ಚಕ್ರದಷ್ಟೇ ವೇಗವಾಗಿ ಸುತ್ತಲು ಹಟ ಹಿಡಿಯುತ್ತದೆ, ಹಾಗಾಗಿ ಕಾರ್ಟು ನೇರವಾಗಿಯೇ ಹೋಗಲು ನೋಡುತ್ತದೆ. ಇದಕ್ಕೆ ಇರುವ ಉಪಾಯ ಒಂದೇ: ಒಳಗಿನ ಹಿಂಚಕ್ರವನ್ನು ನೆಲದಿಂದ ಎತ್ತುವುದು. ಸ್ಟೀರಿಂಗ್ ತಿರುಗಿಸಿದಾಗ ಮುಂಚಕ್ರಗಳ ವಾಲಿಕೆಯ ಕಾರಣದಿಂದ ಒಳಗಿನ ಮುಂಚಕ್ರ ಕೆಳಕ್ಕೆ ಒತ್ತುತ್ತದೆ, ಕೊಳವೆಗಳ ಚೌಕಟ್ಟು ತುಸು ತಿರುಚಿಕೊಳ್ಳುತ್ತದೆ, ಒಳಗಿನ ಹಿಂಚಕ್ರ ಕೆಲವು ಮಿಲಿಮೀಟರ್ ಮೇಲೇಳುತ್ತದೆ. ಚೌಕಟ್ಟೇ ಇಲ್ಲಿ ಸ್ಪ್ರಿಂಗು. ಆದ್ದರಿಂದ ಅದು ಸುಮ್ಮನೆ ಗಟ್ಟಿಯಾಗಿದ್ದರೆ ಸಾಲದು, ಎರಡೂ ಬದಿಗೆ ಒಂದೇ ಬಗೆಯಲ್ಲಿ ಬಾಗಬೇಕು. ಸರ್ಫೇಸ್ ಟೇಬಲ್ಲಿನ ಮೇಲಿಟ್ಟು ಹೈಟ್ ಗೇಜಿನಿಂದ ಅಳೆದಾಗ ಎಡ ಮುಂಭಾಗ 4 ಮಿಲಿಮೀಟರ್ ಎದ್ದಿತ್ತು. ಬಿಸಿ ಮಾಡದೆ, ಉದ್ದನೆಯ ಕೊಳವೆಯನ್ನು ಮೀಟುಗೋಲಾಗಿ ಹಾಕಿ, ಸ್ವಲ್ಪ ಸ್ವಲ್ಪವೇ ಬಗ್ಗಿಸಿ ಸಮಕ್ಕೆ ತಂದೆವು.

ಬಿರುಕುಗಳನ್ನು ಹುಡುಕಲು ಡೈ ಪೆನಿಟ್ರೆಂಟ್ ಪರೀಕ್ಷೆ ಮಾಡಿದೆವು. ಬಣ್ಣ ಸುಲಿದ ಕೊಳವೆಗೆ ಕೆಂಪು ದ್ರವ ಹಚ್ಚಿ, ಹತ್ತು ನಿಮಿಷ ಬಿಟ್ಟು, ಒರೆಸಿ, ಬಿಳಿಯ ಡೆವಲಪರ್ ಸಿಂಪಡಿಸಿದರೆ ಬಿರುಕಿನೊಳಗೆ ಅಡಗಿದ ಕೆಂಪು ಹೊರಗೆ ಒಸರುತ್ತದೆ. ಅಚ್ಚುಗಳ ಮೇಲೆ ನೂರಾರು ಸಲ ಮಾಡಿದ ಕೆಲಸವೇ ಆದರೂ ಅಂದು ಎದೆ ಹೊಡೆದುಕೊಂಡಿತು. ಎರಡು ಗೆರೆಗಳು ಮೂಡಿದವು: ಒಂದು ಎಡಗಡೆಯ ಹಿಂದಿನ ಬೇರಿಂಗ್ ಹಿಡಿಕೆಯ ಬುಡದಲ್ಲಿ, ಇನ್ನೊಂದು ಸೀಟಿನ ಆಧಾರದ ಕೆಳಗೆ. ಎರಡನ್ನೂ ಟಿಗ್ ವೆಲ್ಡಿಂಗಿನಲ್ಲಿ ಬೆಸೆದೆವು. ಬಾಗಿದ ಆಕ್ಸಲ್ಲಿನ ಬದಲು ಇಎನ್ 24 ಎಂಬ ಗಟ್ಟಿ ಉಕ್ಕಿನ ಸರಳನ್ನು ಲೇತಿನಲ್ಲಿ ಕಡೆದು, ಗ್ರೈಂಡ್ ಮಾಡಿ, ಸ್ಪ್ರಾಕೆಟ್ ಜಾರದಂತೆ ಹಿಡಿಯುವ ಚಾವಿಗೆ ತೋಡು ಕೊರೆದೆವು. ಕೊನೆಗೆ ನಾಲ್ಕು ಚಕ್ರಗಳ ಕೆಳಗೆ ನಾಲ್ಕು ಮನೆ ತಕ್ಕಡಿಗಳನ್ನಿಟ್ಟು, ನಾನು ಹೆಲ್ಮೆಟ್ ಸಹಿತ ಕೂತು, ಭಾರದಲ್ಲಿ ನೂರಕ್ಕೆ 43 ಪಾಲು ಮುಂದಕ್ಕೂ 57 ಪಾಲು ಹಿಂದಕ್ಕೂ ಬೀಳುವಂತೆ ಸೀಟನ್ನು ಸರಿಸಿದೆವು.

ನಗರದ ಹೊರಗಿನ ಒಂದು ಬಾಡಿಗೆ ಟ್ರ್ಯಾಕಿನವರು ವಾರದ ನಡುವಿನ ಒಂದು ಮುಂಜಾನೆ, ಗಿರಾಕಿಗಳು ಬರುವ ಮೊದಲು, ಎರಡು ಗಂಟೆ ಜಾಗ ಬಿಟ್ಟುಕೊಟ್ಟರು. ಕ್ಲಚ್ ಇಲ್ಲದ ಕಾರ್ಟನ್ನು ಚಾಲೂ ಮಾಡುವುದೇ ಒಂದು ವಿದ್ಯೆ. ಗೆಳೆಯ ಹಿಂದಿನ ಬಂಪರನ್ನು ಹಿಡಿದು ಹಿಂಚಕ್ರಗಳನ್ನು ಎತ್ತಿ ಓಡಬೇಕು, ವೇಗ ಬಂದೊಡನೆ ನೆಲಕ್ಕೆ ಬಿಡಬೇಕು, ಎಂಜಿನ್ ತಿರುಗಿ ಕೆಮ್ಮಿದ ಕ್ಷಣದಲ್ಲಿ ನಾನು ಆಕ್ಸಿಲರೇಟರನ್ನು ಹದವಾಗಿ ಒತ್ತಬೇಕು. ಹೆಚ್ಚು ಒತ್ತಿದರೆ ಪೆಟ್ರೋಲ್ ತುಂಬಿ ಪ್ಲಗ್ ಒದ್ದೆಯಾಗುತ್ತದೆ, ಕಡಿಮೆ ಒತ್ತಿದರೆ ಸಾಯುತ್ತದೆ. ಏಳನೆಯ ಸಲಕ್ಕೆ ಹೊತ್ತಿಕೊಂಡಿತು. ಬಾಡಿಗೆ ಕಾರ್ಟುಗಳಲ್ಲಿ ಇರುವುದು ಸಾಮಾನ್ಯವಾಗಿ ಹೋಂಡಾ ಜಿಎಕ್ಸ್ ಸಾಲಿನ ಫೋರ್-ಸ್ಟ್ರೋಕ್, 196 ಸಿಸಿಯಲ್ಲಿ ಆರು ಅಶ್ವಶಕ್ತಿಯ ಆಸುಪಾಸು. ಅದರ ಅರ್ಧ ಗಾತ್ರದ ಈ ಎಂಜಿನ್ ಅದರ ಎರಡು ಪಟ್ಟಿಗೂ ಮಿಕ್ಕ ಶಕ್ತಿಯನ್ನು ಅದಕ್ಕಿಂತ ಎಷ್ಟೋ ಹಗುರವಾದ ಚಾಸಿಗೆ ಕೊಡುತ್ತದೆ. ಎರಡನೆಯ ತಿರುವಿನ ನಂತರ ಎಂಜಿನ್ ಎಂಟು ಸಾವಿರ ಸುತ್ತು ದಾಟಿದಾಗ ಬೆನ್ನಿಗೆ ಬಿದ್ದ ನೂಕು ನನಗೆ ಹೊಸದು.

ಹಿಂದಿನ ಸ್ಪ್ರಾಕೆಟ್ 80 ಹಲ್ಲಿನದು ಹಾಕಿದ್ದೆವು, ಅಂದರೆ ಎಂಜಿನ್ 8 ಸುತ್ತು ತಿರುಗಿದರೆ ಚಕ್ರಕ್ಕೆ 1 ಸುತ್ತು. ಹಿಂಚಕ್ರದ ಸುತ್ತಳತೆ ಸುಮಾರು 88 ಸೆಂಟಿಮೀಟರ್. ಎಂಜಿನ್ ನಿಮಿಷಕ್ಕೆ 12,000 ಸುತ್ತಿನಲ್ಲಿದ್ದರೆ ಗಂಟೆಗೆ 79 ಕಿಲೋಮೀಟರ್. ಅದೇ ಲೆಕ್ಕದಲ್ಲಿ ಕಿರಿದಾದ ಹೇರ್‌ಪಿನ್ ತಿರುವಿನಲ್ಲಿ 25 ಕಿಲೋಮೀಟರಿಗೆ ಇಳಿದರೆ ಎಂಜಿನ್ 3,800ಕ್ಕೆ ಕುಸಿದು ಉಸಿರು ಕಟ್ಟುತ್ತದೆ. ಬಾಡಿಗೆ ಕಾರ್ಟಿನಲ್ಲಿ ನಾನು ರೂಢಿಸಿಕೊಂಡಿದ್ದ, ತಿರುವಿನ ಮುನ್ನ ಗಟ್ಟಿಯಾಗಿ ಬ್ರೇಕ್ ಹಿಡಿದು ನಿಧಾನವಾಗಿ ತಿರುಗುವ ಕ್ರಮ ಇಲ್ಲಿ ನಡೆಯಲೇ ಇಲ್ಲ. ವೇಗವನ್ನು ತಿರುವಿನೊಳಗೂ ಹೊತ್ತುಕೊಂಡೇ ಹೋಗಬೇಕು. ಇನ್ನೊಂದು ಸಂಗತಿಯನ್ನು ಸೀಟೇ ಕಲಿಸಿತು. ಫೈಬರ್ ಸೀಟಿನ ಬಲ ಅಂಚು ಮೊಳಕೈ ಉಜ್ಜಿ ನುಣ್ಣಗೆ ಸವೆದಿತ್ತು. ಉದ್ದನೆಯ ನೇರ ಓಟದ ಕೊನೆಯಲ್ಲಿ ಆಕ್ಸಿಲರೇಟರ್ ಬಿಡುವ ಮುನ್ನ ಹಿಂದಕ್ಕೆ ಕೈಚಾಚಿ ಕಾರ್ಬ್ಯುರೇಟರಿನ ಬಾಯಿಯನ್ನು ಅರೆಕ್ಷಣ ಅಂಗೈಯಿಂದ ಮುಚ್ಚಿದರೆ ಗಾಳಿ ಕಡಿಮೆಯಾಗಿ ಇಂಧನವೂ ಅದರ ಜೊತೆಗಿನ ಎಣ್ಣೆಯೂ ಹೆಚ್ಚಾಗಿ ಒಳಹೋಗಿ ಪಿಸ್ಟನ್ನನ್ನು ತಣಿಸುತ್ತವೆ. ಆ ಕಾಲದ 100 ಸಿಸಿ ಓಟಗಾರರೆಲ್ಲ ಇದನ್ನು ಮಾಡುತ್ತಿದ್ದರು. 1979 ಮತ್ತು 1980ರಲ್ಲಿ ಕಾರ್ಟಿಂಗ್ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಎರಡನೆಯ ಸ್ಥಾನ ಪಡೆದ, ಮುಂದೆ ಫಾರ್ಮುಲಾ ಒನ್ ಚಾಂಪಿಯನ್ ಆದ ಅಯರ್ಟನ್ ಸೆನ್ನಾ ಓಡಿಸಿದ್ದೂ ಇಂಥ 100 ಸಿಸಿ ಕಾರ್ಟನ್ನೇ.

ಒಂಟಿಯಾಗಿ ಸುತ್ತುವುದು ಎರಡು ತಿಂಗಳಲ್ಲಿ ಸಾಕಾಯಿತು. ಭೋಸರಿ ಮತ್ತು ಚಿಂಚವಾಡದ ಪರಿಚಿತರಲ್ಲಿ ಇನ್ನೂ ಮೂರು ಕಾರ್ಟುಗಳು ದೊರೆತವು: ಕಾಲೇಜು ಸ್ಪರ್ಧೆಗೆಂದು ಕಟ್ಟಿದ, ಆರ್‌ಎಕ್ಸ್100 ಎಂಜಿನ್ ಗೇರ್‌ಬಾಕ್ಸ್ ಸಮೇತ ಕೂತಿದ್ದ ಎರಡು, ಮತ್ತು ಕ್ಲಚ್ಚೂ ಬಟನ್ ಸ್ಟಾರ್ಟೂ ಇರುವ, ಹಳೆಯದಾದ 125 ಸಿಸಿ ರೋಟ್ಯಾಕ್ಸ್ ಮ್ಯಾಕ್ಸ್ ಒಂದು. ನಾಲ್ಕು ಕಾರ್ಟು, ಮೂರು ಜಾತಿ. ಇವನ್ನು ಯಾವ ಕ್ರಮದಲ್ಲಿ ಓಡಿಸಬೇಕೆಂಬ ಚರ್ಚೆ ಉಡುಪಿ ಹೋಟೆಲಿನ ಒಂದು ಮೇಜಿನಲ್ಲಿ ಮೂರು ಭಾನುವಾರ ನಡೆಯಿತು.

ಬಾಡಿಗೆ ಟ್ರ್ಯಾಕುಗಳಲ್ಲಿ ಸಾಮಾನ್ಯವಾಗಿರುವ, ಹತ್ತು ನಿಮಿಷ ಓಡಿಸಿ ಅತಿ ವೇಗದ ಒಂದು ಸುತ್ತಿನ ಕಾಲವನ್ನು ಹೋಲಿಸುವ ಪದ್ಧತಿಯನ್ನು ನಾನು ಮೊದಲಿಗೇ ವಿರೋಧಿಸಿದೆ. ಅದು ಕಾಲದ ಪರೀಕ್ಷೆ, ಓಟವಲ್ಲ. ಅಲ್ಲಿ ಯಾರನ್ನೂ ದಾಟಬೇಕಿಲ್ಲ, ಯಾರಿಂದಲೂ ಜಾಗ ಕಾಯ್ದುಕೊಳ್ಳಬೇಕಿಲ್ಲ. ಚಾಲಕರು ಬದಲಾಗುತ್ತ ಗಂಟೆಗಟ್ಟಲೆ ಓಡುವ ಎಂಡ್ಯೂರೆನ್ಸ್ ಪದ್ಧತಿಯನ್ನು ನಾನು ಬಾಡಿಗೆ ಕಾರ್ಟುಗಳಲ್ಲಿ ಓಡಿದ್ದೇನೆ, ಬಹಳ ಇಷ್ಟಪಟ್ಟಿದ್ದೇನೆ. ಆದರೆ ಚಾಲಕ ಬದಲಾಗಲು ಪಿಟ್ಟಿಗೆ (ಟ್ರ್ಯಾಕಿನ ಪಕ್ಕದ ತಂಗುದಾಣಕ್ಕೆ) ಬಂದು ನಿಂತೊಡನೆ ಸಾಯುವ ನನ್ನ ಎಂಜಿನ್ನಿಗೆ ಅದು ಒಗ್ಗದು. ಉಳಿದದ್ದು ಸ್ಪ್ರಿಂಟ್: ಅರ್ಹತಾ ಕಾಲ, ಹೀಟ್‌ಗಳು (ಫೈನಲ್‌ಗೆ ಮುಂಚಿನ ಸಣ್ಣ ಓಟಗಳು), ಕೊನೆಗೆ ಫೈನಲ್. ಅಂತಾರಾಷ್ಟ್ರೀಯ ಕಾರ್ಟಿಂಗ್‌ನಲ್ಲಿ ಹೀಟ್‌ಗಳ ಅಂಕ ಕೊಡುವ ಒಂದು ಚೆಂದದ ರೂಢಿಯಿದೆ: ಗೆದ್ದವರಿಗೆ 0, ಎರಡನೆಯವರಿಗೆ 2, ಮೂರನೆಯವರಿಗೆ 3, ಕಡಿಮೆ ಅಂಕ ಇದ್ದವರು ಮುಂದಿನ ಓಟದಲ್ಲಿ ಮುಂದೆ ನಿಲ್ಲುತ್ತಾರೆ. ಗೆದ್ದವರಿಗೂ ಎರಡನೆಯವರಿಗೂ ನಡುವೆ ಎರಡು ಅಂಕದ ಅಂತರ ಇರುವುದರಿಂದ ಎರಡನೆಯ ಸ್ಥಾನದಲ್ಲಿ ಸುಮ್ಮನೆ ಕೂರುವ ಮನಸ್ಸಾಗುವುದಿಲ್ಲ. ಅದನ್ನೇ ತೆಗೆದುಕೊಂಡೆವು. ಕಾರ್ಟುಗಳು ಸಮಬಲದವಲ್ಲವಾದ್ದರಿಂದ ಮೊದಲ ಹೀಟ್ ಅರ್ಹತಾ ಕಾಲದ ಕ್ರಮದಲ್ಲಿ, ಎರಡನೆಯದು ಅದರ ತಲೆಕೆಳಗಿನ ಕ್ರಮದಲ್ಲಿ ಎಂದು ಗೊತ್ತುಮಾಡಿದೆವು.

ಜಗಳ ಬಂದದ್ದು ಸ್ಟಾರ್ಟಿನ ವಿಷಯಕ್ಕೆ. ಗೇರ್‌ಬಾಕ್ಸ್ ಇದ್ದವರು ದೀಪ ಆರಿದೊಡನೆ ನಿಂತಲ್ಲಿಂದ ಹೊರಡುವ ಸ್ಟಾರ್ಟ್ ಬೇಕೆಂದರು, ಗೇರ್ ಇರುವ ಕಾರ್ಟುಗಳ ದೊಡ್ಡ ಓಟಗಳಲ್ಲಿ ಅದೇ ರೂಢಿ ಎಂಬುದೂ ನಿಜ. ಆದರೆ ನನ್ನ ಕಾರ್ಟು ನಿಲ್ಲಲಾರದು. ಆಗಲೇ ನನಗೆ ಹೊಳೆದದ್ದು, ಗೇರಿಲ್ಲದ ಕಾರ್ಟುಗಳು ಎರಡು ಸಾಲಿನಲ್ಲಿ ಮೆಲ್ಲಗೆ ಸಾಗಿ ಬಂದು ಗೆರೆ ದಾಟುವಾಗ ಓಟ ಶುರುವಾಗುವ ರೋಲಿಂಗ್ ಸ್ಟಾರ್ಟ್ ಶೋಭೆಗಾಗಿ ಮಾಡಿದ ಏರ್ಪಾಡಲ್ಲ, ಕ್ಲಚ್ ಇಲ್ಲದ ಎಂಜಿನ್ನಿನಿಂದ ಹುಟ್ಟಿದ್ದು ಎಂದು. 1956ರಲ್ಲಿ ಕ್ಯಾಲಿಫೋರ್ನಿಯಾದ ಆರ್ಟ್ ಇಂಗೆಲ್ಸ್ ಹುಲ್ಲು ಕತ್ತರಿಸುವ ಯಂತ್ರಕ್ಕೆಂದು ಮಾಡಿದ ಎಂಜಿನ್ನನ್ನು ಕೊಳವೆಗಳ ಚೌಕಟ್ಟಿಗೆ ಕೂರಿಸಿ ಮೊದಲ ಕಾರ್ಟನ್ನು ಕಟ್ಟಿದ ಮೇಲೆ, ಆರು ವರ್ಷಗಳಲ್ಲಿ ಅಂತಾರಾಷ್ಟ್ರೀಯ ಆಯೋಗ, 1964ರಲ್ಲಿ ರೋಮಿನಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ಬಂದವು. 2007ರಲ್ಲಿ ಅತ್ಯುನ್ನತ ವರ್ಗಕ್ಕೆ ಕ್ಲಚ್ಚೂ ಬಟನ್ ಸ್ಟಾರ್ಟೂ ಬಂದರೂ 2016ರಲ್ಲಿ ಒಕೆ ಎಂಬ ಹೊಸ ವರ್ಗದೊಡನೆ ಮತ್ತೆ ಎರಡನ್ನೂ ಕೈಬಿಟ್ಟು ತಳ್ಳಿ ಹೊರಡುವ ಕಾರ್ಟಿಗೇ ಮರಳಿದರು. ಭಾರ ಮತ್ತು ತೊಡಕು ಕಡಿಮೆಯಾಗಲೆಂಬುದೇ ಅದರ ಉದ್ದೇಶ. ಇದನ್ನೆಲ್ಲ ಮೇಜಿನ ಮೇಲೆ ಹೇಳಿದಾಗ ಗೇರ್‌ಬಾಕ್ಸಿನವರು ರೋಲಿಂಗ್ ಸ್ಟಾರ್ಟಿಗೆ ಒಪ್ಪಿದರು. ಪ್ರತಿಯಾಗಿ ನಾನೂ ಒಂದಕ್ಕೆ ಒಪ್ಪಬೇಕಾಯಿತು: ಓಟದ ನಡುವೆ ನನ್ನ ಎಂಜಿನ್ ನಿಂತರೆ ಟ್ರ್ಯಾಕಿನ ಮೇಲೆ ಯಾರೂ ಬಂದು ತಳ್ಳುವಂತಿಲ್ಲ. ಅದು ಸುರಕ್ಷತೆಯ ಮಾತು, ವಾದಿಸಲು ಏನೂ ಇರಲಿಲ್ಲ.

ಓಟದ ದಿನ ಔಂಧಿನ ಹಿರಿಯರು ಬೆಳಗ್ಗೆ ಆರೂವರೆಗೇ ಬಂದು ಬೇಲಿಯ ಬಳಿ ಕುರ್ಚಿ ಹಾಕಿಸಿಕೊಂಡರು. ಅರ್ಹತಾ ಕಾಲದಲ್ಲಿ ನಾನು ಮೂರನೆಯವನು, ರೋಟ್ಯಾಕ್ಸ್ ಮೊದಲು. ಮೊದಲ ಹೀಟಿನಲ್ಲಿ ಮೂರನೆಯವನಾಗಿಯೇ ಮುಗಿಸಿ 3 ಅಂಕ ಹೊತ್ತೆ. ಎರಡನೆಯದರಲ್ಲಿ ತಲೆಕೆಳಗಿನ ಸಾಲಾದ್ದರಿಂದ ಮುಂದಿನ ಸಾಲಿನಲ್ಲಿದ್ದೆ, ಗೆರೆ ದಾಟುವಾಗ ಎಂಜಿನ್ ಸರಿಯಾದ ಸುತ್ತಿನಲ್ಲಿದ್ದುದರಿಂದ ಮೊದಲ ತಿರುವಿಗೆ ಮೊದಲಿಗನಾದೆ. ನಾಲ್ಕು ಸುತ್ತು ಮುಂದಿದ್ದೆ. ಐದನೆಯದರಲ್ಲಿ ಹೇರ್‌ಪಿನ್ನಿನ ಒಳಗೆ ರೋಟ್ಯಾಕ್ಸ್ ಮೂಗು ತೂರಿಸಿದಾಗ ಜಾಗ ಕಾಯಲು ಬ್ರೇಕನ್ನು ತಡವಾಗಿ ಒತ್ತಿದೆ. ಬ್ರೇಕ್ ಇರುವುದು ಹಿಂದಿನ ಆಕ್ಸಲ್ಲಿಗೆ ಮಾತ್ರ. ಚಕ್ರ ಕಟ್ಟಿಕೊಂಡಿತು, ಕಾರ್ಟು ಗಿರಕಿ ಹೊಡೆಯಿತು, ಎಂಜಿನ್ ನಿಂತಿತು. ಬೇಲಿಯಾಚೆ ಗೆಳೆಯ ಓಡಿ ಬಂದು ನಿಂತಿದ್ದ, ಒಪ್ಪಂದದಂತೆ ದಾಟಿ ಬರಲಿಲ್ಲ. ನಾನೇ ಕಾರ್ಟನ್ನು ಹುಲ್ಲಿಗೆ ಎಳೆದು, ಉಳಿದ ಮೂವರು ಮುಗಿಸುವುದನ್ನು ನೋಡುತ್ತ ನಿಂತೆ.

ಫೈನಲ್ 12 ಸುತ್ತು. ಕೊನೆಯಿಂದ ಹೊರಟು, ಹೇರ್‌ಪಿನ್ನನ್ನು ಅಗಲವಾಗಿ ತಿರುಗಿ ವೇಗ ಉಳಿಸಿಕೊಳ್ಳುವ ಹಾದಿಯನ್ನು ಹಿಡಿದು, ಗೇರ್ ಬದಲಿಸುತ್ತ ತಡವಾಗುತ್ತಿದ್ದ ಎರಡೂ ಆರ್‌ಎಕ್ಸ್ ಕಾರ್ಟುಗಳನ್ನು ಏಳನೆಯ ಮತ್ತು ಹತ್ತನೆಯ ಸುತ್ತಿನಲ್ಲಿ ದಾಟಿ ಎರಡನೆಯವನಾಗಿ ಮುಗಿಸಿದೆ. ಇಳಿದಾಗ ಬಲ ಅಂಗೈಯಲ್ಲಿ ಕಾರ್ಬ್ಯುರೇಟರಿನ ಬಾಯಿಯ ಗುಂಡನೆಯ ಎಣ್ಣೆ ಗುರುತು ಇತ್ತು. ಹಿರಿಯರು ಅದನ್ನು ನೋಡಿ, ತಮ್ಮ ಮಗನ ಕೈಯೂ ಹೀಗೆಯೇ ಇರುತ್ತಿತ್ತು, ಊಟಕ್ಕೆ ಕೂತಾಗ ಅವನ ತಾಯಿ ಸಾಬೂನು ಹಾಕಿ ತಿಕ್ಕಿಸುತ್ತಿದ್ದರು ಎಂದರು.

ಸಂಜೆ ಟ್ಯಾಂಕ್ ಬರಿದು ಮಾಡಿ, ಸಿಲಿಂಡರಿಗೆ ನಾಲ್ಕು ಹನಿ ಎಣ್ಣೆ ಬಿಟ್ಟು ಕೈಯಿಂದ ತಿರುಗಿಸಿ, ಚಾಸಿಗೆ ಮತ್ತೆ ಕೆಂಪು ದ್ರವ ಹಚ್ಚಿದೆವು. ನಾವು ಬೆಸೆದ ಎರಡೂ ಜಾಗಗಳು ಬಿಳಿಯಾಗಿಯೇ ಉಳಿದವು. ಬಲ ಮುಂಭಾಗದಲ್ಲಿ, ಮುಂಚಕ್ರವನ್ನು ಹಿಡಿದಿರುವ ಕಿಂಗ್‌ಪಿನ್ ಹಿಡಿಕೆಯ ಬುಡದಲ್ಲಿ, ಉಗುರಿನುದ್ದದ ಹೊಸ ಕೆಂಪು ಗೆರೆಯೊಂದು ಮೂಡಿತು. ಗೆಳೆಯ ಅದರ ಎರಡೂ ತುದಿಗೆ ಮಾರ್ಕರಿನಿಂದ ಗುರುತು ಹಾಕಿ, ತಾರೀಖು ಬರೆದ.